ವಿಜಯನಗರ ಸೋತದ್ದು ಹೇಗೆ? ಅಂಕೋಲೆಗೆ ಇಳಿದು ಬಂದ ವ್ಯಾಪಾರಿಯನ್ನು ಎಷ್ಟು ನಂಬಬಹುದು?

ಪ್ರಶ್ನೆ: 1565ರಲ್ಲಿ ದಖನ್ನಿನ ಸುಲ್ತಾನರ ಎದುರು ನಡೆದ ತಾಳಿಕೋಟೆ ಯುದ್ಧದಲ್ಲಿ ವಿಜಯನಗರದ ರಾಮರಾಯನ ಕಡೆಯ ಇಬ್ಬರು ಮುಸ್ಲಿಂ ಸರದಾರರು ನಡುವೆಯೇ ತಿರುಗಿಬಿದ್ದರು, ಅದಕ್ಕೇ ವಿಜಯನಗರ ಸೋತಿತು ಎಂದು ವಾಟ್ಸಾಪಿನಲ್ಲಿ ಬಂದಿತ್ತು. ಮಗಳ ಕಾಲೇಜಿನ ಮಾಸ್ತರರು ಅದು ಕಟ್ಟುಕತೆ, ಸೋತದ್ದು ತೋಪಿನಿಂದ ಎನ್ನುತ್ತಾರೆ. ಎರಡೂ ಕಡೆಯವರು ‘ಮೂಲ ದಾಖಲೆ ಇದೆ’ ಎನ್ನುತ್ತಾರಲ್ಲ, ಯಾರನ್ನು ನಂಬೋದು ಸಾರ್?
– ಓದುಗರು, ಅಂಕೋಲಾ

ಉತ್ತರ: ಇಬ್ಬರ ಕೈಯಲ್ಲೂ ದಾಖಲೆ ಇರುವುದು ನಿಜ. ಆದರೆ ಬರೆದವನು ಏನನ್ನು ಕಣ್ಣಾರೆ ಕಂಡ, ಏನನ್ನು ಯಾರ ಬಾಯಿಂದ ಕೇಳಿ ಬರೆದ ಎಂದು ಬೇರ್ಪಡಿಸುವ ಗೋಜಿಗೆ ಇಬ್ಬರೂ ಹೋಗಿಲ್ಲ.

ದ್ರೋಹದ ಕತೆ ಹೇಳಿದವನು ವೆನಿಸ್ಸಿನ ವ್ಯಾಪಾರಿ ಚೆಸರೆ ಫೆದೆರಿಚಿ. ನಮ್ಮ ಕಡೆ ಸೀಸರ್ ಫ್ರೆಡರಿಕ್ ಎಂದರೇ ಹೆಚ್ಚು ಗುರುತು. ಇಬ್ಬರು ಸರದಾರರ ಕೈಕೆಳಗೆ ತಲಾ ಎಪ್ಪತ್ತು ಎಂಬತ್ತು ಸಾವಿರ ಜನ ಇದ್ದರು, ಅವರು ತಿರುಗಿಬಿದ್ದ ಮೇಲೆ ನಾಲ್ಕು ತಾಸಿನೊಳಗೆ ಎಲ್ಲ ಮುಗಿಯಿತು ಎಂದು ಬರೆದಿದ್ದಾನೆ. ಆದರೆ ಅವನು ವಿಜಯನಗರಕ್ಕೆ ಬಂದದ್ದೇ 1567ರಲ್ಲಿ, ಅಂದರೆ ಯುದ್ಧ ಮುಗಿದು ಎರಡು ವರ್ಷದ ಮೇಲೆ. ಪ್ರವಾಸಕಥನ ಅಚ್ಚಾದದ್ದು 1587ರಲ್ಲಿ. ಸೋತ ಊರಿನಲ್ಲಿ ಎರಡು ವರ್ಷ ಬಾಯಿಂದ ಬಾಯಿಗೆ ದಾಟಿದ ಮಾತು ಅವನ ಕಿವಿಗೆ ಬಿದ್ದಿದೆ, ಅಷ್ಟೇ. ಸೋತವರು ‘ನಾವು ಕಡಿಮೆಯಾದೆವು’ ಎನ್ನುವುದಕ್ಕಿಂತ ‘ನಮ್ಮವರೇ ಕೈಕೊಟ್ಟರು’ ಎನ್ನುವುದೇ ಹೆಚ್ಚು. ಸಂಖ್ಯೆಗಳಂತೂ ಸಂತೆಯ ಲೆಕ್ಕ.

ಹಾಗೆಂದು ಪೂರ್ತಿ ಸುಳ್ಳು ಎಂದು ತಳ್ಳಿಹಾಕಲೂ ಬರುವುದಿಲ್ಲ. ಮಾಸ್ತರರು ಬಹುಶಃ ಪಾರಸಿಯಲ್ಲಿ ಇತಿಹಾಸ ಬರೆದ ಫೆರಿಶ್ತಾನನ್ನು ನೆಚ್ಚಿಕೊಂಡಿದ್ದಾರೆ. ಅವನಲ್ಲಿ ದ್ರೋಹದ ಸುದ್ದಿಯೇ ಇಲ್ಲ, ಸರಿ. ಆದರೆ ಅವನು ಬರೆದದ್ದು ಯುದ್ಧವಾಗಿ ನಲವತ್ತು ವರ್ಷದ ನಂತರ, ಬಿಜಾಪುರದ ಆಸ್ಥಾನದಲ್ಲಿ ಕೂತು, ಎರಡನೇ ಇಬ್ರಾಹಿಂ ಆದಿಲ್‌ಶಾಹಿಗಾಗಿ. ಯುದ್ಧ ಗೆದ್ದ ಅಲಿ ಆದಿಲ್‌ಶಾಹಿ ಈ ಇಬ್ರಾಹಿಮನ ದೊಡ್ಡಪ್ಪ. ಶೌರ್ಯದಿಂದ ಗೆದ್ದೆವು ಎನ್ನಬೇಕಾದ ಕಡೆ ‘ಲಂಚ ಕೊಟ್ಟು ಗೆದ್ದೆವು’ ಎಂದು ಯಾರು ಬರೆಯುತ್ತಾರೆ? ಆದ್ದರಿಂದ ಫೆರಿಶ್ತಾ ಸುಮ್ಮನಿದ್ದಾನೆ ಎಂಬುದು ದ್ರೋಹ ನಡೆದಿಲ್ಲ ಎಂಬುದಕ್ಕೆ ಪುರಾವೆಯಾಗುವುದಿಲ್ಲ. ಒಂದು ಲಕ್ಷ ಜನ ಸತ್ತರು ಎನ್ನುವ ಅವನ ಲೆಕ್ಕವನ್ನೂ ಅದೇ ಸಂತೆಗೆ ಸೇರಿಸಿ.

ಆದರೂ ಯುದ್ಧ ಹೇಗೆ ನಡೆಯಿತು ಎಂದು ತಿಳಿಯಲು ಫೆರಿಶ್ತಾ ಬೇಕೇ ಬೇಕು. ಮೊದಲು ವಿಜಯನಗರದವರೇ ಮೇಲುಗೈಯಾಗಿ ಸುಲ್ತಾನರ ಎಡಬಲದ ಪಡೆಗಳನ್ನು ಹಿಂದಕ್ಕೆ ತಳ್ಳಿದ್ದನ್ನು ಅವನು ಮುಚ್ಚಿಡುವುದಿಲ್ಲ. ನಡುವೆ ಅಹಮದ್‌ನಗರದ ಹುಸೇನ್ ನಿಜಾಂಶಾಹಿಯ ತೋಪುಗಳು ಮೂರು ಸಾಲಾಗಿ ನಿಂತಿದ್ದವು, ಸಾಲಿಗೆ ಇನ್ನೂರರಂತೆ. ಅವುಗಳ ಉಸ್ತುವಾರಿ ರೂಮಿಖಾನನದು. ವಿಜಯನಗರದ ದಂಡು ತೀರಾ ಹತ್ತಿರ ನುಗ್ಗಿದಾಗ ಅವನು ಗುಂಡಿನ ಬದಲು ತಾಮ್ರದ ನಾಣ್ಯ ತುಂಬಿಸಿ ಹಾರಿಸಿದನಂತೆ. ಇಷ್ಟು ಹತ್ತಿರದ ವಿವರ ಹೊಗಳಿಕೆಗೆ ಬೇಕಾದ್ದಲ್ಲ. ಅಲ್ಲಿದ್ದ ಯಾರೋ ಹೇಳಿದ್ದೇ ಇರಬೇಕು ಎಂದು ನನ್ನ ಅಂದಾಜು. ರಾಮರಾಯ ಸಿಕ್ಕಿಬಿದ್ದು, ನಿಜಾಂಶಾಹಿ ಅವನ ತಲೆ ತೆಗೆಸಿದ ಮೇಲೆ ದಂಡು ಚದುರಿತು. ರಾಜ್ಯ ನಡೆಸುತ್ತಿದ್ದವನು ಅವನೊಬ್ಬನೇ. ಪಟ್ಟದ ಸದಾಶಿವರಾಯ ಹೆಸರಿಗಷ್ಟೇ ಅರಸ.

ನನ್ನ ತೀರ್ಮಾನ ಕೇಳಿದರೆ: ತೋಪು ಮತ್ತು ರಾಮರಾಯನ ಸಾವು, ಇವೆರಡಕ್ಕೆ ಆಧಾರ ಗಟ್ಟಿ. ದ್ರೋಹ ನಡೆದಿರಬಹುದು, ಆದರೆ ಅದೊಂದರಿಂದಲೇ ಸೋತರು ಎನ್ನಲು ಆಧಾರ ಸಾಲದು.

ಇನ್ನು ಅಂಕೋಲೆಯವರಾದ ನಿಮಗೆ ಹೇಳಲೇಬೇಕಾದದ್ದೊಂದಿದೆ. ಫೆದೆರಿಚಿಯನ್ನು ಎಲ್ಲರೂ ಎತ್ತಿ ಹೇಳುವುದು ಅವನು ಕೇಳಿ ಬರೆದ ಆ ನಾಲ್ಕು ಸಾಲಿಗಾಗಿ. ಅವನು ಕಂಡದ್ದನ್ನು ಕೇಳುವವರಿಲ್ಲ. ವಿಜಯನಗರದಲ್ಲಿ ಒಂದು ತಿಂಗಳಿನಲ್ಲಿ ಮುಗಿಯುವ ಕೆಲಸಕ್ಕೆ ಏಳು ತಿಂಗಳು ಕಾದ, ದಾರಿಯಲ್ಲಿ ಕಳ್ಳಕಾಕರ ಕಾಟ ತಗ್ಗಲಿ ಎಂದು. ಕೊನೆಗೆ ಹೊರಟು ಬಂದದ್ದು ನಿಮ್ಮ ಅಂಕೋಲೆಗೇ. ದಾರಿಯುದ್ದಕ್ಕೂ ದಿನಾ ಸಂಜೆ ಯಾರೋ ಹಿಡಿದು ಕೂರಿಸುವುದು, ಬೆಳಿಗ್ಗೆ ಹೊರಡುವಾಗ ತಲೆಗೆ ನಾಲ್ಕೈದು ನಾಣ್ಯ ಕೀಳುವುದು. ಇನ್ನೊಂದು ಕಾಟ ನೋಡಿ: ದಿನಕ್ಕೊಬ್ಬ ಹೊಸ ನಾಯಕನ ಸೀಮೆ. ಎಲ್ಲರೂ ವಿಜಯನಗರಕ್ಕೇ ಕಪ್ಪ ಕೊಡುವವರು, ಆದರೆ ಒಬ್ಬೊಬ್ಬರದೂ ಬೇರೆ ಬೇರೆ ತಾಮ್ರದ ನಾಣ್ಯ. ಇವತ್ತು ಚಿಲ್ಲರೆ ಮಾಡಿಸಿದ ದುಡ್ಡು ನಾಳೆ ನಡೆಯುವುದಿಲ್ಲ. ಅಂತೂ ಗೇರುಸೊಪ್ಪೆಯ ರಾಣಿಯ ಸೀಮೆಯಾದ ಅಂಕೋಲೆಗೆ ಬಂದು ಮುಟ್ಟಿದ.

ಇದನ್ನು ಅವನಿಗೆ ಯಾರೂ ಹೇಳಿದ್ದಲ್ಲ, ಅವನ ಕಿಸೆಯೇ ಅನುಭವಿಸಿದ್ದು. ಸುಳ್ಳು ಹೇಳಿ ಅವನಿಗೆ ಆಗಬೇಕಾದ್ದೂ ಏನಿಲ್ಲ. ಯುದ್ಧ ಮುಗಿದದ್ದು ಒಂದೇ ದಿನದಲ್ಲಿ. ಸೋಲು ಊರೂರಿಗೆ ಹೇಗೆ ತಲುಪಿತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ. ಗೋವೆಯಲ್ಲಿದ್ದ ಪೋರ್ಚುಗೀಸ್ ಇತಿಹಾಸಕಾರ ದಿಯೊಗೊ ದೊ ಕೋತೊ ಕೂಡ, ಕುದುರೆ, ಮಖಮಲ್ಲು ಕೊಳ್ಳುವ ವಿಜಯನಗರ ಹೋಗಿ ಗೋವೆಯ ಸುಂಕದಕಟ್ಟೆಯೇ ಸೊರಗಿತು ಎಂದು ಗೋಳಾಡುತ್ತಾನೆ. ಗೆದ್ದವರ ಪಕ್ಷವೂ ಅಲ್ಲದ, ಸೋತವರ ಪಕ್ಷವೂ ಅಲ್ಲದ ಇಬ್ಬರ ಮಾತು ಹೀಗೆ ಹೊಂದುತ್ತದೆ. 1569ರಲ್ಲಿ ಪೋರ್ಚುಗೀಸರು ಹೊನ್ನಾವರದ ಕೋಟೆ ಹಿಡಿದಾಗ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಬೆನ್ನಿಗೆ ನಿಲ್ಲುವಷ್ಟು ಬಲ ವಿಜಯನಗರಕ್ಕೆ ಇರಲಿಲ್ಲ ಎಂಬುದನ್ನೂ ಇದರ ಪಕ್ಕದಲ್ಲೇ ಇಟ್ಟು ಓದಬೇಕು.

ಪ್ರಶ್ನೆ: ನಮ್ಮ ಮನೆಯ ಅಟ್ಟದಲ್ಲಿ ಹಳೇ ಕಡತವೊಂದಿದೆ. ರಾಮರಾಯ ಸೋತ ವರ್ಷ ನಮ್ಮ ಹಿರಿಯರು ಹಂಪಿ ಬಿಟ್ಟು ಸೋದೆ ಸೀಮೆಗೆ ಬಂದರು ಎಂದು ಅದರಲ್ಲಿದೆ. ಇದನ್ನು ದಾಖಲೆ ಎನ್ನಬಹುದೇ?
– ಓದುಗರು, ಶಿರಸಿ

ಉತ್ತರ: ದಾಖಲೆಯೇ, ಆದರೆ ಯಾವ ಕಾಲದ್ದು ಎಂಬುದು ಮೊದಲು ತಿಳಿಯಬೇಕು. ಕಡತ ಎಂದರೆ ಹುಣಸೆಬೀಜದ ಅಂಟು, ಇದ್ದಲಿನ ಪುಡಿ ಬಳಿದ ಬಟ್ಟೆ. ಬಳಪದಲ್ಲಿ ಬರೆದು, ಬೇಡವಾದರೆ ಒರೆಸಿ ಮತ್ತೆ ಬರೆಯುವಂಥದ್ದು. ಹಾಗಾಗಿ ಬಟ್ಟೆ ಹಳೆಯದಾದರೂ ಬರಹ ಹಳೆಯದೇ ಆಗಿರಬೇಕೆಂದಿಲ್ಲ. ಶಕವರ್ಷ, ಸಂವತ್ಸರ ಎರಡೂ ಇವೆಯೇ ನೋಡಿ. 1565ರ ಜನವರಿಗೆ ಶಕ 1486, ರಕ್ತಾಕ್ಷಿ ಸಂವತ್ಸರ. ಒಂದು ವರ್ಷ ಆಚೀಚೆ ಆಗುವುದುಂಟು, ಅದಕ್ಕಿಂತ ಹೆಚ್ಚು ತಪ್ಪಿದರೆ ಆಮೇಲೆ ಯಾರೋ ನೆನಪಿನಿಂದ ಬರೆದದ್ದು ಎಂದಿಟ್ಟುಕೊಳ್ಳಿ. ಹಂಪಿಯ ಮಾತಿಗಿಂತ, ಜಮೀನು, ತೆರಿಗೆ, ಮಠಕ್ಕೆ ಕೊಟ್ಟ ಕಾಣಿಕೆಯ ಲೆಕ್ಕ ಅದರಲ್ಲಿದ್ದರೆ ನನಗೆ ಅದೇ ಹೆಚ್ಚು ಬೆಲೆಯದ್ದು. ಸದ್ಯಕ್ಕೆ ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಲು ಹೋಗಬೇಡಿ, ಬಳಪದ ಅಕ್ಷರವೂ ಜತೆಗೇ ಹೋಗುತ್ತದೆ. ಬಿಸಿಲಿಗೆ ಹಿಡಿಯದೆ, ಜಗಲಿಯ ಬೆಳಕಿನಲ್ಲಿ ಪುಟಪುಟವಾಗಿ ಫೋಟೊ ತೆಗೆದು ಕಳಿಸಿ.