ಶೇ. 4.99ರ ಸಾಲ, ಕೈಬಿಟ್ಟ 4 ಲಕ್ಷದ ಡಿಸ್ಕೌಂಟು: ಮುಂಬಯಿಯ ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ಊರು, ವಯಸ್ಸು, ಮೊತ್ತಗಳನ್ನು ತುಸು ಬದಲಿಸಲಾಗಿದೆ. ಲೆಕ್ಕದ ರೀತಿ ಮಾತ್ರ ಇದ್ದ ಹಾಗೆಯೇ ಇದೆ.

ಕಾರು ಸಾಲದ ಬಗ್ಗೆ ಸಲಹೆ ಕೇಳಲು ಗಂಡ ಹೆಂಡತಿ ಇಬ್ಬರೂ ನಮ್ಮಲ್ಲಿಗೆ ಒಟ್ಟಿಗೆ ಬಂದಿದ್ದರು. ಅವರು ಕುಂದಾಪುರದ ಕಡೆಯವರು, ನಲವತ್ತರ ಆಸುಪಾಸು, ಮುಲುಂಡ್‌ನಲ್ಲಿ ಮನೆ. ಘಾಟ್ಕೋಪರ್‌ನಲ್ಲಿ ಸ್ವಂತದ್ದೊಂದು ಹೋಟೆಲು, ಪೊವಾಯಿಯಲ್ಲಿ ಕಂಡಕ್ಟಿಂಗ್ ಮೇಲೆ, ಅಂದರೆ ಬೇರೆಯವರ ಹೋಟೆಲನ್ನು ಕರಾರಿನ ಮೇಲೆ ನಡೆಸುವ ರೀತಿಯಲ್ಲಿ, ಇನ್ನೊಂದು. ಹದಿನಾರನೇ ವಯಸ್ಸಿಗೆ ಮುಂಬಯಿಗೆ ಬಂದು, ಹಗಲು ಕೆಲಸ, ರಾತ್ರಿ ಶಾಲೆ ಎಂದು ಮೇಲೆ ಬಂದವರು. ಮೂರು ಲೀಟರ್, ಆರು ಸಿಲಿಂಡರ್, ಟರ್ಬೊ ಪೆಟ್ರೋಲ್ ಎಂಜಿನ್ನಿನ ಜರ್ಮನ್ ಸೆಡಾನ್ ಒಂದರ ಮೇಲೆ ಅವರಿಗೆ ಬಹಳ ವರ್ಷದ ಆಸೆ. ಆ ಆಸೆಯನ್ನು ದುಂದು ಎಂದು ತಳ್ಳಿಹಾಕುವುದು ನಮ್ಮ ಕೆಲಸವಲ್ಲ. ದುಡಿದವರಿಗೆ ತಮ್ಮ ಹಣ ಎಲ್ಲಿಗೆ ಹೋಗಬೇಕೆಂದು ಹೇಳುವ ಹಕ್ಕಿದೆ. ಅದು ಎಷ್ಟು ಹೋಗುತ್ತಿದೆ ಎಂಬುದು ಅವರ ಕಣ್ಣಿಗೆ ಬೀಳುವಂತೆ ಮಾಡುವುದಷ್ಟೇ ನಮ್ಮ ಪಾಲಿನದು.

ಶೋರೂಮಿನ ಅಂದಾಜುಪಟ್ಟಿ ಹೀಗಿತ್ತು: ಎಕ್ಸ್‌ಶೋರೂಮ್ 75 ಲಕ್ಷ, ರಸ್ತೆ ತೆರಿಗೆ 9.75 ಲಕ್ಷ, ವಿಮೆ 2.60 ಲಕ್ಷ, ಟಿಸಿಎಸ್ (ಮಾರುವವರು ಮೊದಲೇ ಹಿಡಿದುಕೊಳ್ಳುವ ಆದಾಯ ತೆರಿಗೆ) 75 ಸಾವಿರ, ಹೆಚ್ಚುವರಿ ವಾರಂಟಿ ಮತ್ತು ಸರ್ವಿಸ್ ಪ್ಯಾಕೇಜ್ 1.75 ಲಕ್ಷ, ‘ಹ್ಯಾಂಡ್ಲಿಂಗ್’ 25 ಸಾವಿರ. ಒಟ್ಟು 90.10 ಲಕ್ಷ. ಕೈಯಲ್ಲಿದ್ದ ಎಫ್‌ಡಿ, ಉಳಿತಾಯ ಎಲ್ಲ ಸೇರಿ 41 ಲಕ್ಷ. ಅದರಲ್ಲಿ 40 ಕೊಟ್ಟು 50 ಲಕ್ಷ ಸಾಲ ಮಾಡುವುದು ಅವರ ಯೋಜನೆ. ಶೋರೂಮಿನ ಹುಡುಗ ಪಟ್ಟಿಯ ಹಿಂಬದಿಯಲ್ಲಿ ಪೆನ್ನಿನಿಂದ ಎರಡು ದಾರಿ ಬರೆದುಕೊಟ್ಟಿದ್ದ. ಒಂದು, ‘ಶೇ. 4.99, 36 ತಿಂಗಳು, ಇಎಂಐ 1,59,681’. ಇನ್ನೊಂದು, ‘ಬಲೂನ್ ಸ್ಕೀಮು, 36 ತಿಂಗಳು, ಇಎಂಐ 88,675, ಕೊನೆಗೆ 30 ಲಕ್ಷ ಅಥವಾ ಕಾರು ವಾಪಸ್’. ಮೂರನೆಯದು ಇವರೇ ತಂದದ್ದು: ತಮ್ಮ ಖಾತೆ ಇರುವ ಬ್ಯಾಂಕಿನಲ್ಲಿ ಶೇ. 9. ‘ಐದಕ್ಕೂ ಒಂಬತ್ತಕ್ಕೂ ಇಷ್ಟು ವ್ಯತ್ಯಾಸ ಇರುವಾಗ ಬ್ಯಾಂಕಿಗೆ ಯಾಕೆ ಹೋಗಬೇಕು?’ ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಇಎಂಐಯಲ್ಲೇ ಇತ್ತು. 1,59,681ನ್ನು 36ರಿಂದ ಗುಣಿಸಿದರೆ 57,48,516. ಅಂದರೆ ಬಡ್ಡಿ ಸುಮಾರು 7.48 ಲಕ್ಷ. 50 ಲಕ್ಷಕ್ಕೆ ಶೇ. 4.99ರಂತೆ ಮೂರು ವರ್ಷಕ್ಕೆ ನೇರವಾಗಿ ಲೆಕ್ಕ ಹಾಕಿದರೂ ಇದೇ ಮೊತ್ತ. ಇದು ಫ್ಲ್ಯಾಟ್ ದರ. ತಿಂಗಳು ತಿಂಗಳೂ ಅಸಲು ತೀರುತ್ತ ಬಂದರೂ ಬಡ್ಡಿ ಮಾತ್ರ ಪೂರಾ 50 ಲಕ್ಷದ ಮೇಲೆಯೇ ಓಡುತ್ತದೆ. ಬ್ಯಾಂಕಿನ ಶೇ. 9 ಉಳಿದ ಬಾಕಿಯ ಮೇಲಿನ ದರ, ರೆಡ್ಯೂಸಿಂಗ್. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ 4.99 ಅಂದದ್ದು ಶೇ. 9.29 ಆಗುತ್ತದೆ. ಅದೇ 50 ಲಕ್ಷ, ಅದೇ 36 ತಿಂಗಳಿಗೆ ಬ್ಯಾಂಕಿನ ಇಎಂಐ 1,58,999.

ಇಷ್ಟಾದರೆ ವ್ಯತ್ಯಾಸ ಸಣ್ಣದು, ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ದೊಡ್ಡ ಪೆಟ್ಟು ಬೇರೆ ಕಡೆ ಇತ್ತು. ‘ನಾನು ಸಾಲವನ್ನು ಹೊರಗೆ ಮಾಡಿಕೊಂಡು ಪೂರ್ತಿ ಹಣ ಒಂದೇ ಸಲ ಕೊಟ್ಟರೆ ಬೆಲೆ ಎಷ್ಟು?’ ಎಂದು ಕೇಳಿಕೊಂಡು ಬರಲು ಹೇಳಿ ಕಳಿಸಿದೆವು. 4 ಲಕ್ಷ ಡಿಸ್ಕೌಂಟು ಎಂದರಂತೆ. ಶೋರೂಮಿನ ಫೈನಾನ್ಸ್ ತೆಗೆದುಕೊಂಡರೆ ಅದು ಇಲ್ಲ. ಹಾಗಾದರೆ ಬ್ಯಾಂಕಿನಿಂದ ತರಬೇಕಾದದ್ದು 50 ಅಲ್ಲ, 46 ಲಕ್ಷ. ಅದಕ್ಕೆ 36 ತಿಂಗಳ ಇಎಂಐ 1,46,279. ತಿಂಗಳಿಗೆ 13,402 ರೂಪಾಯಿ ಕಡಿಮೆ, ಮೂರು ವರ್ಷಕ್ಕೆ 4.82 ಲಕ್ಷ. ಇನ್ನೊಂದು ರೀತಿಯಲ್ಲಿ ನೋಡಿದರೆ, ಕಾರಿಗಾಗಿ ನಿಜಕ್ಕೂ ಬೇಕಿದ್ದ 46 ಲಕ್ಷಕ್ಕೆ ತಿಂಗಳಿಗೆ 1,59,681 ಕಟ್ಟಿದಂತಾಯಿತು, ಆಗ ದರ ಶೇ. 15 ದಾಟುತ್ತದೆ. ಕಳೆದುಕೊಂಡ ಡಿಸ್ಕೌಂಟೂ ಬಡ್ಡಿಯೇ. ಅದನ್ನು ಬಡ್ಡಿಯ ಕಾಲಮ್ಮಿನಲ್ಲಿ ಬರೆಯದ ಕಾರಣ ಲೆಕ್ಕಕ್ಕೆ ಸಿಗುವುದಿಲ್ಲ ಅಷ್ಟೇ.

ಹೆಂಡತಿ ಆಗ ಕೇಳಿದ ಪ್ರಶ್ನೆ ಒಳ್ಳೆಯದಿತ್ತು: ‘ಬಾಯಲ್ಲಿ ಹೇಳಿದ್ದನ್ನು ಹಿಡಿಯುವುದು ಹೇಗೆ?’ 2024ರ ಅಕ್ಟೋಬರ್ 1ರಿಂದ ಬ್ಯಾಂಕಾಗಲಿ, ಫೈನಾನ್ಸ್ ಕಂಪನಿಯಾಗಲಿ, ಇಂಥ ಸಾಲಕ್ಕೆ ಸಹಿ ಹಾಕಿಸುವ ಮೊದಲು ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕೊಡಲೇಬೇಕು, ಅದು ರಿಸರ್ವ್ ಬ್ಯಾಂಕಿನ ನಿಯಮ. ಸಾಲ ಪಡೆಯುವವರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಅದರಲ್ಲಿ ವಾರ್ಷಿಕ ಶೇಕಡಾವಾರು ದರ, ಅಂದರೆ ಎಪಿಆರ್, ಎಲ್ಲ ಶುಲ್ಕ ಸೇರಿಸಿ ಒಂದೇ ಅಂಕಿಯಾಗಿ ಕಾಣುತ್ತದೆ. ಪೆನ್ನಿನಲ್ಲಿ ಬರೆದ ಯಾವ ದರವನ್ನೂ ನಂಬದೆ ಆ ಒಂದು ಅಂಕಿಯನ್ನು ಹೋಲಿಸಿ. ಆ ಹಾಳೆಯಲ್ಲಿ ಇಲ್ಲದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಆಮೇಲೆ ಹಾಕುವಂತಿಲ್ಲ. ಒಪ್ಪಲು ಕನಿಷ್ಠ 3 ಕೆಲಸದ ದಿನಗಳ ಸಮಯವೂ ಇರುತ್ತದೆ, ಆದ್ದರಿಂದ ‘ಸ್ಕೀಮು ಇವತ್ತಿಗೇ ಮುಗಿಯುತ್ತದೆ’ ಎಂದು ಅವಸರ ಮಾಡಿದರೆ ಹಾಳೆ ಕೇಳಿ ಪಡೆದು ಮನೆಗೆ ನಡೆಯಿರಿ. ಡಿಸ್ಕೌಂಟು ಮಾತ್ರ ಆ ಹಾಳೆಯಲ್ಲಿ ಕಾಣಿಸುವುದಿಲ್ಲ, ಅದನ್ನು ಪ್ರೊಫಾರ್ಮಾ ಇನ್‌ವಾಯ್ಸ್‌ನಲ್ಲಿ (ಕೊಳ್ಳುವ ಮೊದಲು ಕೊಡುವ ಕರಡು ಬಿಲ್ಲು) ಬರೆಸಿಕೊಳ್ಳಬೇಕು. ಮೊದಲು ಬೆಲೆ ಬರವಣಿಗೆಯಲ್ಲಿ, ಆಮೇಲೆ ಸಾಲದ ಮಾತು. ಈ ಕ್ರಮ ತಿರುವುಮುರುವಾದರೆ ಇಎಂಐ ಹೊಂದಿಸುವ ನೆಪದಲ್ಲಿ ಬೆಲೆ ಮರೆಯಾಗುತ್ತದೆ. ಶೋರೂಮಿಗೆ ಫೈನಾನ್ಸಿನವರಿಂದ ಕಮಿಷನ್ ಬರುವುದುಂಟು, ಅದು ಗುಟ್ಟಲ್ಲ, ತಪ್ಪೂ ಅಲ್ಲ. ಅವರ ಉತ್ಸಾಹ ಯಾವ ಕಡೆಗೆ ಎಂದು ಗೊತ್ತಿದ್ದರೆ ಸಾಕು.

ಬಲೂನ್ ಸ್ಕೀಮಿನತ್ತ ಅವರ ಮನಸ್ಸು ಹೆಚ್ಚು ವಾಲಿತ್ತು, 88 ಸಾವಿರದ ಇಎಂಐ ಹಗುರವಾಗಿ ಕಂಡಿದ್ದರಿಂದ. ಅದರ ದರ ಶೇ. 9.75, ರೆಡ್ಯೂಸಿಂಗ್. ಅಷ್ಟೇನೂ ದುಬಾರಿಯಲ್ಲ. ಆದರೆ 30 ಲಕ್ಷ ಕೊನೆಯವರೆಗೆ ತೀರದೆ ನಿಲ್ಲುವುದರಿಂದ ಅದರ ಮೇಲೆ 36 ತಿಂಗಳೂ ಬಡ್ಡಿ ಬೆಳೆಯುತ್ತದೆ. ಒಟ್ಟು ಬಡ್ಡಿ 11.92 ಲಕ್ಷ. ಅದೇ 50 ಲಕ್ಷಕ್ಕೆ ಬ್ಯಾಂಕಿನ ಸಾಮಾನ್ಯ ಸಾಲದಲ್ಲಿ 7.24 ಲಕ್ಷ.

‘ಕೊನೆಗೆ ಕಾರು ವಾಪಸ್ ಕೊಟ್ಟರಾಯಿತಲ್ಲ’ ಎಂದರು. ಬೈಬ್ಯಾಕ್ ಕರಾರನ್ನು ತರಿಸಿ ಓದಿದೆವು. ವರ್ಷಕ್ಕೆ 10,000 ಕಿ.ಮೀ. ಮಿತಿ, ಮೀರಿದ ಪ್ರತಿ ಕಿಲೋಮೀಟರಿಗೆ ಕಡಿತ, ಅಧಿಕೃತ ವರ್ಕ್‌ಶಾಪಿನಲ್ಲಷ್ಟೇ ಸರ್ವಿಸ್, ದೊಡ್ಡ ಅಪಘಾತ ಆಗಿರಬಾರದು, ಚಕ್ರ, ಟೈರು, ಬಾನೆಟ್ಟಿನ ಗೀರುಗಳಿಗೆ ಅವರ ತಪಾಸಕರದೇ ತೀರ್ಮಾನ. ಇವರು ವರ್ಷಕ್ಕೆ ನಾಲ್ಕು ಸಲ ಊರಿಗೆ ಹೋಗುವವರು: ನವರಾತ್ರಿ, ಮನೆದೈವದ ಕೋಲ, ಮೇ ತಿಂಗಳ ರಜೆ, ಒಂದೆರಡು ಮದುವೆ. ಮುಂಬಯಿಯಿಂದ ಕುಂದಾಪುರಕ್ಕೆ ಒಂದು ಬದಿಗೇ 800 ಕಿ.ಮೀ. ಮೀರುತ್ತದೆ. ಊರಿನ ಪ್ರಯಾಣವೇ 6,500 ಕಿ.ಮೀ. ನುಂಗಿದ ಮೇಲೆ ದಿನವೂ ಮುಲುಂಡ್, ಘಾಟ್ಕೋಪರ್, ಪೊವಾಯಿ ತಿರುಗಲು ಉಳಿಯುವುದೆಷ್ಟು? ಈ ಕಾರನ್ನು ಘಾಟಿಯಲ್ಲಿ ಓಡಿಸುವ ಸಂತೋಷಕ್ಕೇ ಕೊಳ್ಳಲು ಹೊರಟವರಿಗೆ, ಓಡಿಸಿದರೆ ದಂಡ ಎನ್ನುವ ಕರಾರು ಹೊಂದುವುದಿಲ್ಲ. ವರ್ಷಕ್ಕೆ ಏಳೆಂಟು ಸಾವಿರ ಕಿಲೋಮೀಟರಿನಲ್ಲಿ ಮುಗಿಸಿ, ಮೂರು ವರ್ಷಕ್ಕೊಮ್ಮೆ ಖಂಡಿತ ಕಾರು ಬದಲಿಸುವವರಿಗೆ ಇದು ಒಪ್ಪಬಹುದು.

ಇಷ್ಟರಲ್ಲಿ ನಮಗೆ ಕಾರಿಗಿಂತ ಆದಾಯದ ಹಾಳೆಯೇ ಹೆಚ್ಚು ಚಿಂತೆಗೆ ಹಚ್ಚಿತ್ತು. ಘಾಟ್ಕೋಪರ್ ಹೋಟೆಲಿನಿಂದ ತಿಂಗಳಿಗೆ 2.70 ಲಕ್ಷ, ಪೊವಾಯಿಯಿಂದ 1.50 ಲಕ್ಷ ಕೈಗೆ ಬರುತ್ತದೆ. ಮನೆ ಸಾಲದ ಇಎಂಐ 78 ಸಾವಿರ, ಮನೆಖರ್ಚು, ಮಕ್ಕಳ ಫೀಸು 95 ಸಾವಿರ. ಉಳಿಯುವುದು 2.47 ಲಕ್ಷ. 1.46 ಲಕ್ಷದ ಇಎಂಐ ಅದರಲ್ಲಿ ಕೂರುತ್ತದೆ ನಿಜ. ಆದರೆ ಪೊವಾಯಿಯ ಕಂಡಕ್ಟಿಂಗ್ ಕರಾರು ಮುಗಿಯಲು 26 ತಿಂಗಳಷ್ಟೇ ಉಳಿದಿದೆ, ಜಾಗದ ಮಾಲೀಕರ ಮಗ ಹೋಟೆಲನ್ನು ತಾನೇ ನಡೆಸುವ ಮಾತಾಡುತ್ತಿದ್ದಾನೆ. ಕಂಡಕ್ಟಿಂಗ್ ನಡೆಸುವ ಎಲ್ಲರಿಗೂ ಗೊತ್ತಿರುವ ಅಪಾಯ ಇದು, ಆದರೂ ಸಾಲಕ್ಕೆ ಕೂತಾಗ ಆ ಆದಾಯವನ್ನು ಶಾಶ್ವತವೆಂದೇ ಹಿಡಿಯುತ್ತೇವೆ. ಅದು ನಿಂತರೆ ಉಳಿಯುವುದು 97 ಸಾವಿರ. ಬಲೂನ್ ತೆಗೆದುಕೊಂಡಿದ್ದರೆ ಆ 26ನೇ ತಿಂಗಳಲ್ಲಿ ಇನ್ನೂ ಸುಮಾರು 36 ಲಕ್ಷ ಬಾಕಿ ಇರುತ್ತಿತ್ತು, ಕೈಯ 40 ಲಕ್ಷ ಮೊದಲೇ ಹೋಗಿರುತ್ತಿತ್ತು.

ಇದರ ಮೇಲೆ ಓಡಿಸುವ ಖರ್ಚು. ವಿಮೆ, ಸರ್ವಿಸ್, ಪೆಟ್ರೋಲು, ಗುಂಡಿಗೆ ಬಲಿಯಾಗುವ ತೆಳು ಅಂಚಿನ (ಲೋ ಪ್ರೊಫೈಲ್) ಟೈರು ಎಲ್ಲ ಸೇರಿ ಇವರ ಓಡಾಟಕ್ಕೆ ತಿಂಗಳಿಗೆ 30 ಸಾವಿರ ಹಿಡಿದೆವು. ಹಾಗಾಗಿ ನಾವು ಹಾಕಿಕೊಟ್ಟ ಗೆರೆ ಒಂದೇ: ಘಾಟ್ಕೋಪರ್ ಒಂದರ ಆದಾಯದಲ್ಲೇ ಇಎಂಐ ಮತ್ತು ಓಡಿಸುವ ಖರ್ಚು ಎರಡೂ ನಡೆಯಬೇಕು. ಇಎಂಐ 65 ಸಾವಿರ ದಾಟಬಾರದು. ಎಫ್‌ಡಿಯಲ್ಲಿ ಆರು ತಿಂಗಳ ಮನೆಖರ್ಚು ಮತ್ತು ಮನೆಯ ಇಎಂಐ, ಅಂದರೆ 10.4 ಲಕ್ಷ, ಮುಟ್ಟಬಾರದು. ಏಳು ವರ್ಷಕ್ಕೆ ಎಳೆದರೆ 46 ಲಕ್ಷಕ್ಕೂ ಇಎಂಐ 74 ಸಾವಿರಕ್ಕೆ ಇಳಿಯುತ್ತದೆ, ಆದರೆ ಬಡ್ಡಿಯೇ 16 ಲಕ್ಷ ಮೀರುತ್ತದೆ. ಅದನ್ನು ಬೇಡವೆಂದೆವು. ಹೋಟೆಲಿನ ಕ್ಯಾಶ್ ಕ್ರೆಡಿಟ್ ಖಾತೆಯಿಂದ (ವ್ಯವಹಾರ ನಡೆಸಲು ಬ್ಯಾಂಕು ಕೊಡುವ ಸಾಲದ ಖಾತೆ) ಡೌನ್‌ಪೇಮೆಂಟ್ ಎಳೆಯುವ ಯೋಚನೆಯನ್ನೂ ಅಲ್ಲೇ ನಿಲ್ಲಿಸಿದೆವು. ಅದು ದಿನಸಿಗೆ, ಸಂಬಳಕ್ಕೆ ಇರುವ ಹಣ.

ಸ್ನೇಹಿತರೊಬ್ಬರು ‘ಕಂಪನಿಯ ಹೆಸರಲ್ಲಿ ತಗೋ, ತೆರಿಗೆ ಉಳಿಯುತ್ತದೆ’ ಎಂದಿದ್ದರಂತೆ. ಪೊವಾಯಿ ಹೋಟೆಲು ಪ್ರೈವೇಟ್ ಲಿಮಿಟೆಡ್‌ನಲ್ಲಿದೆ. ಮಹಾರಾಷ್ಟ್ರದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ವ್ಯಕ್ತಿಯ ಹೆಸರಿನಲ್ಲಿ ರಸ್ತೆ ತೆರಿಗೆ ಶೇ. 13, ಕಂಪನಿಯ ಹೆಸರಿನಲ್ಲಿ ಶೇ. 20. ಅಲ್ಲಿಗೇ 5.25 ಲಕ್ಷ ಹೆಚ್ಚು. ಕಟ್ಟಿದ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್, ಅಂದರೆ ಅದನ್ನು ವ್ಯವಹಾರದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಸೌಲಭ್ಯ, ಇಂಥ ಕಾರಿಗೆ ಸಿಗುವುದಿಲ್ಲ. ಸವಕಳಿ, ಅಂದರೆ ಕಾರಿನ ಬೆಲೆಯಲ್ಲಿ ಖರ್ಚೆಂದು ತೋರಿಸಬಹುದಾದ ಪಾಲು, ವರ್ಷಕ್ಕೆ ಶೇ. 15, ಅದೂ 180 ದಿನಕ್ಕಿಂತ ಕಡಿಮೆ ಬಳಸಿದ ವರ್ಷ ಅರ್ಧ. ಘಾಟ್ಕೋಪರ್ ಹೋಟೆಲು ಪ್ರೊಪ್ರೈಟರ್‌ಶಿಪ್ (ಒಬ್ಬರದೇ ಮಾಲೀಕತ್ವ) ಆದ್ದರಿಂದ ಕಾರು ಅವರ ಹೆಸರಿನಲ್ಲೇ ಇದ್ದರೂ ವ್ಯವಹಾರಕ್ಕೆ ಓಡಿದ ಪಾಲಿಗೆ ಸವಕಳಿ, ಬಡ್ಡಿ ಎರಡನ್ನೂ ಖರ್ಚು ತೋರಿಸಬಹುದು. ಅದಕ್ಕೆ ಓಡಾಟದ ಲಾಗ್‌ಬುಕ್ ಇಡಬೇಕು, ಖಾಸಗಿ ಪಾಲನ್ನು ಬಿಡಬೇಕು. ಟಿಸಿಎಸ್‌ನ ಶೇ. 1 ಮಾತ್ರ ಖರ್ಚಲ್ಲ, ರಿಟರ್ನ್‌ನಲ್ಲಿ ತೆರಿಗೆಗೆ ಜಮೆ ಆಗುತ್ತದೆ. ಬಿಲ್ಲಿನಲ್ಲಿ ಪ್ಯಾನ್ ಸರಿಯಾಗಿದೆಯೇ ನೋಡಿಕೊಳ್ಳಿ.

ಗೆರೆಯೊಳಗೆ ಬರುವ ದಾರಿ ಎರಡು: ಹೊಸ ಕಾರಿಗಾಗಿ ಎರಡು ವರ್ಷ ಕಾಯುವುದು, ಇಲ್ಲವೇ ಅದೇ ಮಾದರಿಯ ಎರಡು ವರ್ಷ ಹಳೆಯ ಕಾರು. ಅವರು ಎರಡನೆಯದನ್ನು ಆರಿಸಿದರು. ಒಂದು ವಾರದಲ್ಲಿ ಕಂಪನಿಯ ಸರ್ಟಿಫೈಡ್ ಯೂಸ್ಡ್ ಶಾಖೆಯಲ್ಲಿ 54 ಲಕ್ಷಕ್ಕೆ ಒಂದು ಸಿಕ್ಕಿತು. ವರ್ಗಾವಣೆ, ವಿಮೆಗೆ 2.5 ಲಕ್ಷ. ಸಾಲ 28 ಲಕ್ಷ, ಹಳೆಯ ಕಾರಿನ ದರ ಶೇ. 11, 60 ತಿಂಗಳು, ಇಎಂಐ 60,879. ಬಡ್ಡಿ ದರ ಹೆಚ್ಚು, ನಿಜ. ಆದರೆ ಹೊಸ ಕಾರಿನ ರಸ್ತೆ ತೆರಿಗೆ ಮತ್ತು ಮೊದಲೆರಡು ವರ್ಷದ ಬೆಲೆ ಕುಸಿತವನ್ನು ಮೊದಲ ಮಾಲೀಕರು ಹೊತ್ತಿದ್ದಾರೆ. ಕೈಯಲ್ಲಿ 12.5 ಲಕ್ಷ ಉಳಿಯುತ್ತದೆ.

ಬ್ಯಾಂಕಿನೊಂದಿಗೆ ಹಿಡಿಯಬೇಕಾದ ಮಾತು ಒಂದೇ ಇತ್ತು: ಮುಂಚಿತವಾಗಿ ತೀರಿಸುವ ಶುಲ್ಕ. 2026ರ ಜನವರಿ 1ರಿಂದ ಮಂಜೂರಾದ ಫ್ಲೋಟಿಂಗ್ (ಆಗಾಗ ಬದಲಾಗುವ) ದರದ ಸಾಲಕ್ಕೆ, ವ್ಯಕ್ತಿಗಳಿಗೆ ವ್ಯವಹಾರೇತರ ಉದ್ದೇಶಕ್ಕೆ ಕೊಟ್ಟಿದ್ದರೆ, ಆ ಶುಲ್ಕ ಹಾಕುವಂತಿಲ್ಲ. ಕಾರು ಸಾಲಗಳು ಬಹುಪಾಲು ಫಿಕ್ಸ್‌ಡ್, ಅಲ್ಲಿ ಈ ರಕ್ಷಣೆ ಇಲ್ಲ. ಬಾಕಿ 20 ಲಕ್ಷ ಇದ್ದಾಗ ಶೇ. 5ರ ಶುಲ್ಕ ಮತ್ತು ಅದರ ಮೇಲೆ ಶೇ. 18 ಜಿಎಸ್‌ಟಿ ಎಂದರೆ 1.18 ಲಕ್ಷ. ಆದ್ದರಿಂದ ಫ್ಲೋಟಿಂಗ್ ಕೊಡುವ ಬ್ಯಾಂಕನ್ನು ಮೊದಲು ಕೇಳಿ, ಇಲ್ಲದಿದ್ದರೆ ಪಾರ್ಟ್ ಪೇಮೆಂಟಿನ ಷರತ್ತನ್ನು ಮಂಜೂರಾತಿ ಪತ್ರದಲ್ಲೇ ಬರೆಸಿ. ಸಾಲಕ್ಕೆ ಅಂಟಿಸಿ ಕೊಡುವ ಜೀವವಿಮೆ ಕಡ್ಡಾಯವಲ್ಲ, ಪ್ರತ್ಯೇಕ ಟರ್ಮ್ ಪಾಲಿಸಿ ಇದ್ದರೆ ಬೇಡ ಎನ್ನಿ. ವಾಹನ ವಿಮೆಯನ್ನೂ ಹೊರಗೆ ಕೇಳಿ ಹೋಲಿಸಿ, ಆದರೆ ಮುಂಬಯಿಯಲ್ಲಿ ಎಂಜಿನ್ ಪ್ರೊಟೆಕ್ಷನ್ ಮತ್ತು ಝೀರೋ ಡೆಪ್ರಿಸಿಯೇಶನ್ (ಬಿಡಿಭಾಗಗಳ ಸವಕಳಿ ಕಳೆಯದೆ ಹಣ ಕೊಡುವುದು) ಎರಡನ್ನು ಬಿಡಬೇಡಿ. ನೀರು ನಿಂತಲ್ಲಿ ನಿಂತುಹೋದ ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಿದರೆ ಸಿಲಿಂಡರಿಗೆ ನೀರು ಹೋಗಿ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಸಾಮಾನ್ಯ ಪಾಲಿಸಿ ಅದನ್ನು ಕಟ್ಟಿಕೊಡುವುದಿಲ್ಲ.

ಮುಂಗಡ ಕೊಡುವ ಮೊದಲು ನೋಡಲು ಹೇಳಿದ್ದು: ಸೀಟ್‌ಬೆಲ್ಟನ್ನು ಪೂರ್ತಿ ಎಳೆದು ತುದಿಯಲ್ಲಿ ಕೆಸರಿನ ಗುರುತಿದೆಯೇ, ಸೀಟಿನ ಹಳಿಗಳಲ್ಲಿ ತುಕ್ಕಿದೆಯೇ, ಡಿಕ್ಕಿಯ ತಳದಲ್ಲಿ ಹೂಳಿದೆಯೇ (ಇವೆಲ್ಲ ಕಾರು ನೀರಿನಲ್ಲಿ ಮುಳುಗಿದ್ದರ ಗುರುತು), ನಾಲ್ಕೂ ಟೈರಿನ ತಯಾರಿಕಾ ವಾರ ಒಂದೇ ಇದೆಯೇ, ಉಳಿದ ವಾರಂಟಿ ಹೊಸ ಮಾಲೀಕರಿಗೆ ದಾಟುತ್ತದೆಯೇ. ನೋಂದಣಿ ಮಹಾರಾಷ್ಟ್ರದ್ದೇ ಇರಲಿ ಎಂದೆವು. ಗೋವಾ ನಂಬರಿನ ಅದೇ ಕಾರು 3 ಲಕ್ಷ ಅಗ್ಗಕ್ಕೆ ಸಿಗುವಂತಿತ್ತು, ಆದರೆ ಅದನ್ನು ಇಲ್ಲಿ ಕಾಯಂ ಇಟ್ಟುಕೊಳ್ಳಬೇಕಾದರೆ ಅಲ್ಲಿನ ಎನ್‌ಒಸಿ (ಆಕ್ಷೇಪವಿಲ್ಲ ಎಂಬ ಪತ್ರ) ತಂದು, ಇಲ್ಲಿ ರಸ್ತೆ ತೆರಿಗೆ ಕಟ್ಟಿ, ಮರುನೋಂದಣಿ ಮಾಡಿಸಬೇಕು. ಅಗ್ಗವೆಲ್ಲ ಅಲ್ಲಿಗೇ ಕರಗುತ್ತದೆ.

ತಪಾಸಣೆಯ ದಿನ ಒಂದು ತೊಡಕು ಕಂಡಿತು. ಮೊದಲ ಮಾಲೀಕರ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಹೈಪಾಥಿಕೇಶನ್, ಅಂದರೆ ಕಾರು ಬ್ಯಾಂಕಿಗೆ ಅಡವಿದೆ ಎಂಬ ನಮೂದು, ಹಾಗೇ ಇತ್ತು. ಫಾರ್ಮ್ 35 ಮತ್ತು ಆ ಬ್ಯಾಂಕಿನ ಎನ್‌ಒಸಿ ಕೊಟ್ಟು, ಸರ್ಕಾರದ ವಾಹನ ನೋಂದಣಿಯ ವಾಹನ್ ಪೋರ್ಟಲ್ಲಿನಲ್ಲಿ ಅದು ತೆಗೆದುಹೋದದ್ದನ್ನು ಕಣ್ಣಾರೆ ನೋಡುವವರೆಗೆ ಉಳಿದ ಹಣ ಬಿಡುಗಡೆ ಮಾಡಬೇಡಿ ಎಂದು ತಿಳಿಸಿದ್ದೇವೆ. ಮಾರುವ ಶಾಖೆ ಅದಕ್ಕೆ ಬರವಣಿಗೆಯಲ್ಲಿ ಒಪ್ಪಿದೆ.