ಬಸ್ ನಿಲ್ದಾಣದಲ್ಲಿ ಕಾಣದ ಹುಡುಗರು

ಮಾನ್ಯರೆ,

ದಾವಣಗೆರೆಯಿಂದ ತಾವು ಬರೆದ ಪತ್ರವನ್ನು ಗಮನವಿಟ್ಟು ಓದಿದೆ. ಈಗಿನ ಕಾಲೇಜು ಹುಡುಗರು ಅಪ್ಪನ ದುಡ್ಡಿನ ಬೈಕಿನಲ್ಲಿ ತಿರುಗುತ್ತಾರೆ, ತರಗತಿಗೆ ಚಕ್ಕರ್ ಹೊಡೆದು ಬಸ್ ನಿಲ್ದಾಣದಲ್ಲಿ ನಿಂತು ಹೆಣ್ಣುಮಕ್ಕಳನ್ನು ಕಾಡುತ್ತಾರೆ, ಇವರಿಗೆ ನಾಲ್ಕು ಬುದ್ಧಿಮಾತು ಬರೆಯಿರಿ ಎಂದು ನಿವೃತ್ತ ಉಪನ್ಯಾಸಕರಾದ ತಾವು ಕೇಳಿದ್ದೀರಿ. ತಾವು ಕಂಡದ್ದು ಸುಳ್ಳೆಂದು ನಾನು ಹೇಳುವುದಿಲ್ಲ. ಕಾಡುವವನ ಮೇಲೆ ದೂರು ದಾಖಲಾಗಲೇಬೇಕು, ಅದನ್ನು ಹುಡುಗಾಟಿಕೆಯೆಂದು ಪ್ರಾಂಶುಪಾಲರು ತಳ್ಳಿಹಾಕಬಾರದು. ಆದರೆ ಆ ನಾಲ್ಕೈದು ಜನರನ್ನು ಮುಂದಿಟ್ಟುಕೊಂಡು ಕಾಲೇಜು ಓದುವ ಗಂಡುಹುಡುಗರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದನ್ನು ಒಪ್ಪಲಾರೆ.

ನಿಲ್ದಾಣದಲ್ಲಿ ನಿಂತವನು ಎಲ್ಲರ ಕಣ್ಣಿಗೂ ಬೀಳುತ್ತಾನೆ. ದುಡಿಯುವವನು ನಮ್ಮೆದುರಿಗೇ ಇದ್ದರೂ ವಿದ್ಯಾರ್ಥಿಯೆಂದು ಗೊತ್ತಾಗುವುದಿಲ್ಲ. ಈಚೆಗೆ ಒಂದು ಕಲ್ಯಾಣಮಂಟಪದ ಉಗ್ರಾಣದ ಬಾಗಿಲಲ್ಲಿ, ಕೇಟರಿಂಗ್‌ನವರ ಬಿಳಿ ಅಂಗಿ ತೊಟ್ಟ ಹುಡುಗನೊಬ್ಬ, ಎರಡನೆಯ ಪಂಕ್ತಿ ಎದ್ದು ಮೂರನೆಯದಕ್ಕೆ ಎಲೆ ಹಾಕುವಷ್ಟರ ಬಿಡುವಿನಲ್ಲಿ, ಸಾಂಬಾರಿನ ಬಕೆಟ್ಟನ್ನು ಪಕ್ಕಕ್ಕಿಟ್ಟು ಜೆರಾಕ್ಸ್ ಹಾಳೆಗಳನ್ನು ಓದುತ್ತಿದ್ದ. ಮರುದಿನ ಬೆಳಿಗ್ಗೆ ಬಿ.ಕಾಂ. ಪರೀಕ್ಷೆಯೆಂದ. ಬಡಿಸಲು ಬಂದಿದ್ದ ಅವನ ಜೊತೆಗಾರರಲ್ಲಿಯೂ ಹೆಚ್ಚಿನವರು ಕಾಲೇಜಿನವರೇ. ಪಂಕ್ತಿಗಳೆಲ್ಲ ಮುಗಿದ ಮೇಲೆ ಸಿಗುವ ಕೂಲಿ ಹಾಸ್ಟೆಲಿನ ಮೆಸ್ ಬಿಲ್ಲಿಗೆ, ಪರೀಕ್ಷಾ ಶುಲ್ಕಕ್ಕೆ ಹೋಗುತ್ತದೆ. ಅಪ್ಪನ ದುಡ್ಡಿನವೆಂದು ತಾವು ಬರೆದ ಬೈಕುಗಳಲ್ಲಿಯೂ ಕೆಲವು ಸಂಜೆಯಾದ ಮೇಲೆ ಮನೆಮನೆಗೆ ಊಟ ತಲುಪಿಸುತ್ತವೆ, ಅವುಗಳ ಕಂತನ್ನು ಆ ಹುಡುಗರೇ ಕಟ್ಟುತ್ತಾರೆ. ಇಂಥವನು ಮೊದಲ ಪೀರಿಯಡ್ಡಿನಲ್ಲಿ ತೂಕಡಿಸಿದರೆ ಅದಕ್ಕೆ ಸೋಮಾರಿತನವೆಂಬ ಹೆಸರು ಕೊಡುವುದು ಅನ್ಯಾಯ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ನಂಬಿಕೆ: ಗಂಡುಹುಡುಗ ತಾನೇ, ಹೇಗೋ ಸಂಭಾಳಿಸಿಕೊಳ್ಳುತ್ತಾನೆ ಎಂಬುದು. 2024ರ ದ್ವಿತೀಯ ಪಿಯುಸಿ ಮೊದಲ ಪರೀಕ್ಷೆಯಲ್ಲಿ ಹುಡುಗಿಯರಲ್ಲಿ ನೂರಕ್ಕೆ ಸುಮಾರು 85 ಮಂದಿ, ಹುಡುಗರಲ್ಲಿ ಸುಮಾರು 77 ಮಂದಿ ತೇರ್ಗಡೆಯಾದರು. ಹುಡುಗಿಯರ ಗೆಲುವು ಅವರ ಶ್ರಮದ್ದು, ಅದಕ್ಕೆ ಪೂರ್ಣ ಗೌರವ ಸಲ್ಲಲಿ. ಆದರೆ ಹುಡುಗಿ ಎರಡು ದಿನ ಬರದಿದ್ದರೆ ಮನೆಗೆ ಫೋನು ಹೋಗುವ ಕಾಲೇಜಿನಲ್ಲಿ ಹುಡುಗ ಎರಡು ವಾರ ಕಾಣದಿದ್ದರೂ ಯಾರೂ ವಿಚಾರಿಸದಿರುವುದನ್ನು ನಾನು ಬಲ್ಲೆ. ಅಪ್ಪ ಹಾಸಿಗೆ ಹಿಡಿದಾಗ, ಸಾಲದ ಬಡ್ಡಿ ಏರಿದಾಗ, ಓದು ಬಿಟ್ಟು ಗ್ಯಾರೇಜಿಗೋ ಬೆಂಗಳೂರಿನ ಗೋದಾಮಿಗೋ ಹೋಗುವವನು ಹಾಜರಿ ಪುಸ್ತಕದಲ್ಲಿ ಬರೀ ಗೈರುಹಾಜರಾಗಿ ಉಳಿಯುತ್ತಾನೆ. ಬಿ.ಎ. ಸೇರಿದವನಿಗಂತೂ ಸೇರಿದ ದಿನವೇ ಕೆಲಸಕ್ಕೆ ಬಾರದವನೆಂಬ ಹಣೆಪಟ್ಟಿ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗಂಡುಮಕ್ಕಳು. ಗಂಡಸಾಗಿ ಅಳುತ್ತೀಯಾ ಎಂದು ಕೇಳಿಸಿಕೊಂಡು ಬೆಳೆದವನು ಕಷ್ಟವನ್ನು ಮೇಷ್ಟ್ರ ಮುಂದೆ ತಾನಾಗಿ ಹೇಳಿಕೊಳ್ಳುತ್ತಾನೆಂದು ನಿರೀಕ್ಷಿಸಲಾಗದು. ಮೇಷ್ಟ್ರೇ ಕರೆದು ಕೇಳಬೇಕು. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದೆಂಬುದನ್ನು ಪ್ರತಿ ಹಾಸ್ಟೆಲಿನ ಗೋಡೆಯ ಮೇಲೆ ಬರೆಸಬೇಕು.

ಆದ್ದರಿಂದ ತಾವು ಕೇಳಿದ ಬುದ್ಧಿಮಾತನ್ನು ನಾನು ಬರೆಯುತ್ತಿಲ್ಲ. ಬದಲಿಗೆ ತಮ್ಮಲ್ಲಿ ಒಂದು ವಿನಂತಿಯಿದೆ. ತಮ್ಮ ತರಗತಿಯನ್ನು ನಡುವಿನಲ್ಲಿ ಬಿಟ್ಟುಹೋದ ಹುಡುಗರು ಏಕೆ ಹೋದರು, ಈಗ ಏನು ಮಾಡುತ್ತಿದ್ದಾರೆ ಎಂಬುದನ್ನು ತಿಳಿದವರಿಂದ ವಿಚಾರಿಸಿ, ಹೆಸರುಗಳನ್ನು ಬಿಟ್ಟು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿಯೇ ಪ್ರಕಟಿಸುತ್ತೇನೆ.

– ಸಂಪಾದಕ