ಮಂಜುಗಡ್ಡೆ ಕಟ್ಟಿದ ಕ್ಯಾಮೆರಾವನ್ನು ತಿರುಗಿಸಬೇಡಿ

ಪ್ರಶ್ನೆ: ನಾವಿರುವುದು ಅಮೆರಿಕದ ಮಿನಿಯಾಪೊಲಿಸ್ ಹತ್ತಿರ. ಗ್ಯಾರೇಜಿನ ಮೇಲೆ, ಸೂರಿನ ಅಂಚಿಗೆ ತಿರುಗುವ ಸೆಕ್ಯುರಿಟಿ ಕ್ಯಾಮೆರಾ ಹಾಕಿಸಿದ್ದೇವೆ. ಕಳೆದ ಚಳಿಗಾಲದಲ್ಲಿ ಅದಕ್ಕೆ ಮಂಜುಗಡ್ಡೆ ಕಟ್ಟಿತ್ತು. ತಿರುಗಿಸಿದರೆ ಟಕ್ ಟಕ್ ಸದ್ದು ಬರುತ್ತಿತ್ತು. ಈಗ ಡ್ರೈವ್‌ವೇ ತೋರಿಸು ಎಂದರೆ ಪಕ್ಕದ ಮನೆ ತೋರಿಸುತ್ತದೆ. ಹಾಸನದಲ್ಲಿರುವ ಅಪ್ಪ-ಅಮ್ಮ ಕೂಡ ಅದೇ ಆ್ಯಪ್ ತೆರೆದು ಹಿಮ ನೋಡುತ್ತಿರುತ್ತಾರೆ. ಈ ಸಲ ಏನು ಮಾಡಬೇಕು? ಪ್ಲಾಸ್ಟಿಕ್ ಕವರ್ ಸುತ್ತಿದರೆ ಸಾಕೇ?

ಉತ್ತರ: ಆ ಟಕ್ ಟಕ್ ಸದ್ದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕ್ಯಾಮೆರಾದ ತಲೆ ಮಂಜುಗಡ್ಡೆಗೆ ಕಚ್ಚಿಕೊಂಡಿರುವಾಗ ಒಳಗಿನ ಮೋಟರ್ ತಳ್ಳುತ್ತಲೇ ಇದ್ದರೆ ಹೀಗಾಗುತ್ತದೆ. ಮನೆಬಳಕೆಯ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಇರುವುದು ಸ್ಟೆಪರ್ ಮೋಟರ್. ತಲೆ ನಿಜವಾಗಿ ಎತ್ತ ತಿರುಗಿದೆ ಎಂಬುದು ಅದಕ್ಕೆ ಕಾಣುವುದಿಲ್ಲ, ಹಾಕಿದ ಹೆಜ್ಜೆಗಳ ಲೆಕ್ಕ ಮಾತ್ರ ಗೊತ್ತು. ತಲೆ ಅಲುಗದಿದ್ದರೂ ಲೆಕ್ಕ ಮುಂದೆ ಹೋಗುತ್ತದೆ. ಡ್ರೈವ್‌ವೇ ಬದಲು ಪಕ್ಕದ ಮನೆ ಕಾಣುವುದು ಅದಕ್ಕೇ. ಮಂಜು ಪೂರ್ತಿ ಕರಗಿದ ದಿನ ಸೆಟ್ಟಿಂಗ್ಸ್‌ನಲ್ಲಿ ಪಿಟಿಝಡ್ ಕ್ಯಾಲಿಬ್ರೇಷನ್ (ತಲೆಯ ದಿಕ್ಕಿನ ಲೆಕ್ಕವನ್ನು ಮತ್ತೆ ಸರಿಹೊಂದಿಸುವುದು) ಮಾಡಿಸಿ. ಆಮೇಲೂ ಸದ್ದು ಹೋಗದಿದ್ದರೆ ಬೆಲ್ಟ್ ಅಥವಾ ಗೇರ್ ಹಲ್ಲು ಸವೆದಿದೆ ಎಂದೇ ಲೆಕ್ಕ.

ಹಾಗಾಗಿ ಈ ಚಳಿಗಾಲದ ಮೊದಲ ಕೆಲಸ, ಕ್ಯಾಮೆರಾ ತಾನಾಗಿ ತಿರುಗುವುದನ್ನು ನಿಲ್ಲಿಸುವುದು. ಆಟೋ ಟ್ರ್ಯಾಕಿಂಗ್ (ಚಲಿಸುವುದನ್ನು ಹಿಂಬಾಲಿಸುವುದು), ಪ್ಯಾಟ್ರೋಲ್ (ಗೊತ್ತುಮಾಡಿದ ಜಾಗಗಳನ್ನು ಸರದಿಯಂತೆ ನೋಡುವುದು) ಎರಡನ್ನೂ ಆಫ್ ಮಾಡಿ. ಬಹಳ ಜನರ ಗಮನಕ್ಕೆ ಬಾರದ ಇನ್ನೊಂದಿದೆ: ವಾರಕ್ಕೊಮ್ಮೆ ತಾನೇ ರೀಬೂಟ್ ಆಗುವ ಸೆಟ್ಟಿಂಗ್. ಇಂಥ ಕ್ಯಾಮೆರಾಗಳು ಪ್ರತಿ ಸಲ ಚಾಲೂ ಆದಾಗಲೂ ಎರಡೂ ತುದಿವರೆಗೆ ತಿರುಗಿ ತಮ್ಮ ಜಾಗ ಹುಡುಕಿಕೊಳ್ಳುತ್ತವೆ. ನೀವು ಮುಟ್ಟದಿದ್ದರೂ ನಡುರಾತ್ರಿ ಮೋಟರ್ ಮಂಜುಗಡ್ಡೆಯ ಜೊತೆ ಗುದ್ದಾಡುತ್ತದೆ. ಕರೆಂಟ್ ಹೋಗಿ ಬಂದರೂ ಇದೇ ಕಥೆ, ಆದ್ದರಿಂದ ಒಂದು ಸಣ್ಣ ಯುಪಿಎಸ್ ಇರಲಿ. ಹಾಸನದವರಿಗೆ ನೋಡುವ ಅನುಮತಿ ಮಾತ್ರ ಕೊಟ್ಟು, ತಿರುಗಿಸುವ ಅನುಮತಿ ತೆಗೆಯಿರಿ. ಅಲ್ಲಿಂದ ನೋಡುವವರಿಗೆ ಇಲ್ಲಿ ತಲೆ ಹೆಪ್ಪುಗಟ್ಟಿದೆ ಎಂದು ಗೊತ್ತಾಗುವುದಾದರೂ ಹೇಗೆ?

ಕ್ಯಾಮೆರಾವನ್ನು ಆಫ್ ಮಾಡಿ ಇಡುವುದು ಮಾತ್ರ ಬೇಡ. ಅದು ಓಡುತ್ತಿರುವಾಗ ಹುಟ್ಟುವ ಅಷ್ಟಿಷ್ಟು ಬಿಸಿಯೇ ಅದಕ್ಕೆ ಕಾವಲು.

ಇನ್ನು ಜಾಗ. ಸೂರಿನ ಅಂಚು ನೋಡಲು ಸುರಕ್ಷಿತ ಅನಿಸುತ್ತದೆ, ಆದರೆ ನಿಮ್ಮೂರಿನಲ್ಲಿ ಕ್ಯಾಮೆರಾಕ್ಕೆ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಮನೆಯೊಳಗಿನ ಶಾಖ ಮಾಡಿಗೆ ಏರಿ ಮೇಲಿನ ಹಿಮ ಕರಗುತ್ತದೆ. ನೀರು ಇಳಿದು ತಣ್ಣಗಿನ ಅಂಚು ಮುಟ್ಟುತ್ತಲೇ ಮತ್ತೆ ಗಡ್ಡೆಯಾಗುತ್ತದೆ. ಆ ನೀರು ತೊಟ್ಟಿಕ್ಕುವ ಗೆರೆಯ ಕೆಳಗೇ ಕ್ಯಾಮೆರಾ ಇದ್ದರೆ, ತಲೆ ಮತ್ತು ಬುಡದ ನಡುವಿನ ಸಂದಿಯಲ್ಲಿ ಮಂಜುಗಡ್ಡೆ ತುಂಬಿಕೊಳ್ಳುತ್ತದೆ. ಸಾಧ್ಯವಿದ್ದರೆ ಮಾಡಿನ ನೀರು ಇಳಿಯದ ತ್ರಿಕೋನ ಗೋಡೆಗೆ ಬದಲಿಸಿ. ಆಗದಿದ್ದರೆ ಅಂಚಿನಿಂದ ಒಳಗೆ, ಗೋಡೆಯ ಪಕ್ಕಕ್ಕೆ ತನ್ನಿ. ಚಳಿಗಾಲದ ಬಿರುಗಾಳಿ ಅಲ್ಲಿ ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ, ಆದ್ದರಿಂದ ಹೋಮ್ ಪೊಸಿಷನ್ (ಕ್ಯಾಮೆರಾ ಸುಮ್ಮನಿರುವಾಗ ನೋಡುವ ದಿಕ್ಕು) ಆಗ್ನೇಯಕ್ಕೆ, ತುಸು ಕೆಳಮುಖವಾಗಿರಲಿ. ಕೇಬಲ್ಲನ್ನು ಒಳಗೆ ಹೋಗುವ ಮುನ್ನ ಒಂದು ಸುತ್ತು ಕೆಳಗೆ ಜೋಲುಬಿಡಿ, ಕರಗಿದ ನೀರು ಅಲ್ಲೇ ತೊಟ್ಟಿಕ್ಕಲಿ.

ಪ್ಲಾಸ್ಟಿಕ್ ಸುತ್ತಬೇಡಿ. ಒಳಗೆ ಸಿಕ್ಕಿಬಿದ್ದ ತೇವ ಅಲ್ಲೇ ಹೆಪ್ಪುಗಟ್ಟುತ್ತದೆ. ಮೇಲೆ ಕೊಡೆಯ ಹಾಗೆ ಒಂದು ಹುಡ್ ಹಾಕಿ. ಸುತ್ತ ಗಾಳಿಯಾಡಲು ಜಾಗ ಬೇಕು, ತಲೆ ತಿರುಗುವಾಗ ತಗುಲಬಾರದು.

ಲೇಬಲ್ ಮೇಲಿನ ಐಪಿ66 ನೋಡಿ ಧೈರ್ಯ ತಂದುಕೊಳ್ಳಬೇಡಿ. ಅದು ದೂಳು ಮತ್ತು ರಭಸದ ನೀರಿನ ಪರೀಕ್ಷೆ, ಮಂಜುಗಡ್ಡೆಯ ಮಾತೇ ಅದರಲ್ಲಿಲ್ಲ. ಆಪರೇಟಿಂಗ್ ಟೆಂಪರೇಚರ್ ಎಷ್ಟಿದೆ ನೋಡಿ. ಹಲವು ಮನೆಬಳಕೆಯ ಕ್ಯಾಮೆರಾಗಳ ಮಿತಿ −10 ಅಥವಾ −20 ಡಿಗ್ರಿ ಸೆಲ್ಸಿಯಸ್. ಮಿನಿಯಾಪೊಲಿಸ್‌ನ ಜನವರಿಯಲ್ಲಿ ಪಾದರಸ −25ಕ್ಕಿಂತ ಕೆಳಗೂ ಇಳಿಯುತ್ತದೆ. ಹೊಸದು ಕೊಳ್ಳುವುದಾದರೆ −40ರವರೆಗೆ ತಡೆಯುವ, ಹೀಟರ್ ಇರುವ ಮಾದರಿಗೇ ಹಣ ಹಾಕಿ. ಆಗ ಕ್ಯಾಮೆರಾದ ನೆಟ್‌ವರ್ಕ್ ಕೇಬಲ್ ಸೇರುವ ಸ್ವಿಚ್ಚನ್ನೂ ನೋಡಬೇಕು. ಸಾಮಾನ್ಯ ಪಿಒಇ (ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟ್ ಕಳಿಸುವ ವ್ಯವಸ್ಥೆ) ಪೋರ್ಟ್ ಕೊಡುವ 15.4 ವ್ಯಾಟ್‌ನಲ್ಲಿ ಕ್ಯಾಮೆರಾಕ್ಕೆ ಖಾತ್ರಿಯಾಗಿ ದಕ್ಕುವುದು 12.95. ಹೀಟರ್, ಮೋಟರ್, ಇನ್‌ಫ್ರಾರೆಡ್ ದೀಪ ಒಟ್ಟಿಗೆ ಎದ್ದರೆ ಅದು ಸಾಲದೆ ಮತ್ತೆ ಮತ್ತೆ ರೀಬೂಟ್ ಆಗಬಹುದು, ಪ್ರತಿ ರೀಬೂಟಿಗೂ ಮತ್ತದೇ ತಿರುಗಾಟ. 30 ವ್ಯಾಟ್ ಕೊಡುವ ಪಿಒಇ ಪ್ಲಸ್ ಹಾಕಿಸಿ, ಹೀಟರಿಗೆ ಅದೂ ಸಾಲದೇ ಎಂದು ಮ್ಯಾನ್ಯುಅಲ್‌ನಲ್ಲಿ ನೋಡಿ.

ಬ್ಯಾಟರಿ ಮತ್ತು ಸೋಲಾರ್ ಪ್ಯಾನೆಲ್‌ನ ಮಾದರಿ ಅಲ್ಲಿಗೆ ಸಲ್ಲದು. ಸಾಮಾನ್ಯ ಲಿಥಿಯಂ ಬ್ಯಾಟರಿಯನ್ನು ಶೂನ್ಯಕ್ಕಿಂತ ಕೆಳಗೆ ಚಾರ್ಜ್ ಮಾಡಿದರೆ ಅದು ಹಾಳಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಫ್ರೀಜಿಂಗ್ ರೇನ್ (ಬಿದ್ದೊಡನೆ ಗಡ್ಡೆಯಾಗುವ ಮಳೆ) ಸುರಿದ ದಿನ ಗಡ್ಡೆ ಕಟ್ಟಿಯೇ ತೀರುತ್ತದೆ. ಪುಡಿ ಹಿಮವಾದರೆ ಮೆತ್ತನೆಯ ಬ್ರಷ್‌ನಿಂದ ನೆಲದಲ್ಲೇ ನಿಂತು ಕೊಡವಿ, ಜಾರುವ ಹೊತ್ತಿನಲ್ಲಿ ಏಣಿ ಹತ್ತಬೇಡಿ. ಗಟ್ಟಿಯಾದ ಗಡ್ಡೆಯಾದರೆ ತಾನಾಗಿ ಕರಗುವವರೆಗೆ ಬಿಡಿ. ಬಿಸಿನೀರು ಸುರಿದರೆ ಮುಚ್ಚಳ ಬಿರುಕು ಬಿಡಬಹುದು, ಸುರಿದ ನೀರೂ ಮತ್ತೆ ಗಡ್ಡೆಯಾಗುತ್ತದೆ. ಉಪ್ಪು ಲೋಹವನ್ನು ತಿನ್ನುತ್ತದೆ. ತಲೆಯನ್ನು ಕೈಯಿಂದ ತಿರುಚಿ ಬಿಡಿಸಲು ಹೋದರೆ ಗೇರ್ ಮುರಿಯುತ್ತದೆ. ಎರಡು ದಿನ ಒಂದೇ ದಿಕ್ಕು ನೋಡಿದರೂ ಪರವಾಗಿಲ್ಲ.